ಕಾಕಾನ ಹತ್ತು ಮಾತು, ಕಾಸ್ಟೆಲ್‌ನ ಹದಿನೆಂಟು ವರ್ಷ

ಮುಗಳಖೋಡದ ನಮ್ಮ ಓಣಿಯಲ್ಲಿ ನಾನು ಕಾಕಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಒಂದು ಸಂಜೆ ರಾಯಬಾಗದ ಬಸ್ಸಿಳಿದು ಬಂದವರೇ ಕಟ್ಟೆಯ ಮೇಲೆ ಕೂತರು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು ಹೇಳಿದರು: "ತಹಶೀಲದಾರಗ ಅರ್ಜಿ ಕೊಟ್ಟ ಬಂದೇನೋ ತಮ್ಮಾ. ವಕೀಲರು ನಕಲ ತಗಸ್ಯಾರ. ಹಿಸ್ಸಾದ ತಕರಾರ ಮುಗಿವಲ್ದು, ತಾರೀಖ ಮುಂದ ಮುಂದ ಹೊಂಟೇತಿ. ಫೈಸಲಾ ಆಗೂತನಕ ಹೊಲದಾಗಿನ ಮಾಲ ಮಾರೂ ಹಕ್ಕ ನನಗಿಲ್ಲ."

ಆ ಹೊತ್ತಿಗೆ ನನಗೆ ಕೇಳಿಸಿದ್ದು ಅವರ ಸಂಕಟ ಮಾತ್ರ. ರಾತ್ರಿ ಊಟವಾದ ಮೇಲೆ ಆ ಮಾತು ಮತ್ತೆ ಕಿವಿಯಲ್ಲಿ ಸುಳಿದಾಡಿತು. ಕಾಗದದ ಮೇಲೆ ಬರೆದು ಎಣಿಸಿದೆ. ಒಟ್ಟು ಇಪ್ಪತ್ತೆರಡು ಪದ. ಅವುಗಳಲ್ಲಿ ತಹಶೀಲು, ಅರ್ಜಿ, ವಕೀಲ, ನಕಲು, ಹಿಸ್ಸೆ, ತಕರಾರು, ತಾರೀಖು, ಫೈಸಲಾ, ಮಾಲು, ಹಕ್ಕು: ಹತ್ತು. ಹತ್ತಕ್ಕೆ ಹತ್ತೂ ಅರಬ್ಬಿ ಬೇರಿನವು. ಕೊಟ್ಟ, ಬಂದೇನಿ, ತಗಸ್ಯಾರ, ಮುಗಿವಲ್ದು, ಹೊಂಟೇತಿ ಎಂಬ ಕ್ರಿಯಾಪದಗಳೆಲ್ಲ ಅಚ್ಚ ಕನ್ನಡ. ಮಾಡುವುದು, ಬರುವುದು, ಹೋಗುವುದು ನಮ್ಮದು. ಹೊಲ ಯಾರದು ಎಂದು ಹೇಳುವ ಪದಗಳು ಮಾತ್ರ ಮೂರು ಸಾವಿರ ಕಿಲೋಮೀಟರ್ ಆಚೆಯ ಮರುಭೂಮಿಯವು. ಕಾಕಾ ಕೊಲ್ಲಾಪುರ, ಪಂಢರಪುರ ಬಿಟ್ಟು ದೂರ ಹೋದವರಲ್ಲ. ಅವರ ನಾಲಿಗೆ ಎಷ್ಟು ದೂರ ಹೋಗಿ ಬಂದಿದೆ ಎಂದು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹತ್ತರಲ್ಲಿ ಒಂದನ್ನು ಬಿಡಿಸಿ ನೋಡೋಣ, ತಾರೀಖು. ಅರಬ್ಬಿಯಲ್ಲಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಬೇರು ಅಲುಗಾಡುವುದಿಲ್ಲ, ನಡುವೆ ಸ್ವರ ಬದಲಾಯಿಸಿ, ಹಿಂದೆ ಮುಂದೆ ಒಂದೆರಡು ಅಕ್ಷರ ಹಚ್ಚಿ ಹೊಸ ಹೊಸ ಪದ ಮಾಡುತ್ತಾರೆ. ತಾರೀಖಿನ ಬೇರಿನಲ್ಲಿರುವುದು ತಿಂಗಳು. ಇಥಿಯೋಪಿಯಾದ ಹಳೆಯ ಗೀಜ್ ಭಾಷೆಯಲ್ಲಿ 'ವರ್ಖ್' ಎಂದರೆ ಚಂದ್ರನೂ ಹೌದು, ತಿಂಗಳೂ ಹೌದು. ಹೀಬ್ರೂವಿನಲ್ಲಿ ಚಂದ್ರನಿಗೆ 'ಯಾರೇಅಹ್'. ನಾವೂ ಹಾಗೇ, ತಿಂಗಳು ಎಂದರೆ ಚಂದ್ರ, ತಿಂಗಳು ಎಂದರೆ ಮೂವತ್ತು ದಿನ. ಕಾಕಾನ ಕೋರ್ಟಿನ ತಾರೀಖಿನೊಳಗೆ ಒಬ್ಬ ಚಂದ್ರ ಕೂತಿದ್ದಾನೆ.

ಇನ್ನೊಂದು ಬೇರು ನನ್ನನ್ನು ಇದಕ್ಕಿಂತ ಹೆಚ್ಚು ಬೆರಗಾಗಿಸಿತು. ಕ್-ವ್-ಮ್ ಎಂಬ ಮೂರಕ್ಷರದ ಬೇರು. ಅರ್ಥ ಏಳು, ನಿಲ್ಲು. ನಿಲ್ಲುವ ಜಾಗ ಮುಕ್ಕಾಮು. ನಿಂತೇ ಇರುವುದು ಕಾಯಂ. ಒಂದು ಮಾಲು ಸಂತೆಯಲ್ಲಿ ಎಷ್ಟಕ್ಕೆ ನಿಲ್ಲುತ್ತದೋ ಅದು ಕಿಮ್ಮತ್ತು. ಈ ಮೂರನ್ನೂ ನಮ್ಮ ಕಡೆ ಮಗು ಸಹ ಆಡುತ್ತದೆ, ಆದರೆ ಮೂರೂ ಅಣ್ಣತಮ್ಮಂದಿರು ಎಂದು ಯಾರಿಗೂ ಅನಿಸುವುದಿಲ್ಲ. ಇದೇ ಬೇರು ಹೀಬ್ರೂವಿನಲ್ಲಿ 'ಕೂಮ್', ಗೀಜ್‌ನಲ್ಲಿ 'ಕೋಮ'. ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ ಯೇಸು ಸತ್ತ ಹುಡುಗಿಯ ಕೈ ಹಿಡಿದು ಅರಾಮಿಕ್ ಭಾಷೆಯಲ್ಲಿ ಹೇಳುವ ಮಾತಿನಲ್ಲೂ ಇರುವುದು ಇದೇ: ಏಳು. ಅರಿಸಿನದ ಚೀಲದ ಮುಂದೆ ನಿಂತ ದಲ್ಲಾಳಿ ಕೇಳುವ ಕಿಮ್ಮತ್ತು, ಎರಡು ಸಾವಿರ ವರ್ಷದ ಹಿಂದೆ ಒಂದು ಮನೆಯೊಳಗೆ ಹೆಣದ ಕಿವಿಗೆ ಬಿದ್ದ ಪದ, ಎರಡಕ್ಕೂ ಒಂದೇ ಬೇರು. ಅಂದಹಾಗೆ ದಲ್ಲಾಳಿಯೂ ಅರಬ್ಬಿ. ಆ ಚೀಲ ಹೊರುವ ಹಮಾಲನೂ ಅರಬ್ಬಿ. ಹೊರು ಎಂಬ ಬೇರಿನಿಂದ ಬಂದವನು.

ಇಂಥ ಬೇರುಗಳು ಎಷ್ಟು ಇರಬಹುದು? ಈ ಪ್ರಶ್ನೆಯನ್ನು ಕೇಳಿಕೊಂಡವನು ಎಂಟನೆಯ ಶತಮಾನದ ಬಸ್ರಾದಲ್ಲಿದ್ದ ಅಲ್ ಖಲೀಲ್ ಇಬ್ನ್ ಅಹ್ಮದ್. ನಮ್ಮ ಕವಿರಾಜಮಾರ್ಗ ಹುಟ್ಟುವುದಕ್ಕಿಂತ ಅರ್ಧ ಶತಮಾನಕ್ಕೂ ಮುಂಚಿನ ಮಾತು. ಅರಬ್ಬಿ ಛಂದಸ್ಸಿಗೆ ಶಾಸ್ತ್ರ ಕಟ್ಟಿದವನೂ ಅವನೇ. ಪದಗಳನ್ನು ಕಂಡ ಹಾಗೆ ಒಂದೊಂದಾಗಿ ಕೂಡಿಸುತ್ತ ಹೋದರೆ ಯಾವುದೋ ಒಂದು ಬಿಟ್ಟೇ ಹೋಗುತ್ತದೆ. ಆದ್ದರಿಂದ ಅಕ್ಷರಗಳಿಂದ ಆಗಬಹುದಾದ ಎಲ್ಲ ಕೂಟಗಳನ್ನೂ ಮೊದಲು ಹಾಕಿಕೊಂಡು, ಜನ ಆಡುವುದು ಯಾವುದು, ಆಡದೇ ಇರುವುದು ಯಾವುದು ಎಂದು ಬೇರ್ಪಡಿಸಬೇಕು ಎಂಬುದು ಅವನ ಉಪಾಯ. ಅವನ ಹೆಸರಿನಲ್ಲಿ ಅರಬ್ಬಿ ಪಂಡಿತರು ಹೇಳಿಕೊಂಡು ಬಂದ ಲೆಕ್ಕವೊಂದಿದೆ. ಅರಬ್ಬಿಗೆ 28 ಅಕ್ಷರ. ಒಂದೇ ಅಕ್ಷರ ಎರಡು ಸಲ ಬಾರದಂತೆ ಜೋಡಿಸಿದರೆ ಎರಡಕ್ಷರದ ಕೂಟ 756. ಮೂರಕ್ಷರದವು 19,656. ನಾಲ್ಕಕ್ಷರದವು 4,91,400. ಐದಕ್ಷರದವು 1,17,93,600. ಒಟ್ಟು ಒಂದು ಕೋಟಿ ಇಪ್ಪತ್ಮೂರು ಲಕ್ಷದ ಐದು ಸಾವಿರದ ನಾನೂರ ಹನ್ನೆರಡು. ಕ್ಯಾಲ್ಕ್ಯುಲೇಟರ್ ಹಿಡಿದು ನಾನೂ ಗುಣಿಸಿ ನೋಡಿದೆ, ಒಂದಂಕಿಯೂ ತಪ್ಪಿಲ್ಲ. ಅನ್ನ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಹೇಳುತ್ತ ಕೂತರೂ 142 ದಿನ ಬೇಕು.

ಅಷ್ಟು ದೊಡ್ಡ ಬಯಲಿನಲ್ಲಿ ಮನುಷ್ಯರು ನಿಜವಾಗಿ ಉತ್ತದ್ದು ಸ್ವಲ್ಪವೇ ನೆಲ. 1290ರಲ್ಲಿ ಇಬ್ನ್ ಮಂಜೂರ್ ಮುಗಿಸಿದ 'ಲಿಸಾನ್ ಅಲ್ ಅರಬ್' ಕೋಶ ಅಚ್ಚಾದಾಗ ಇಪ್ಪತ್ತು ಸಂಪುಟಗಳಾಯಿತು. ಅದರಲ್ಲಿರುವ ಬೇರುಗಳು ಒಂಬತ್ತು ಸಾವಿರ ಚಿಲ್ಲರೆ. ಅದನ್ನೂ ಮೀರಿಸಿದ 'ತಾಜ್ ಅಲ್ ಅರೂಸ್' ಬರೆದ ಮುರ್ತಜಾ ಅಲ್ ಜಬೀದಿ ಹುಟ್ಟಿದ್ದು 1732ರಲ್ಲಿ, ನಮ್ಮ ಉತ್ತರ ಪ್ರದೇಶದ ಬಿಲ್ಗ್ರಾಮದಲ್ಲಿ. ಹದಿನಾಲ್ಕು ವರ್ಷ ಕೂತು ಕೈರೋದಲ್ಲಿ ಅದನ್ನು ಮುಗಿಸಿದ. ಅರಬ್ಬಿಯ ಅತಿ ದೊಡ್ಡ ಹಳೆಯ ಕೋಶ ನಮ್ಮ ದೇಶದಲ್ಲಿ ಹುಟ್ಟಿದ ಮನುಷ್ಯನ ಕೈಯಿಂದ ಬಂದದ್ದು ಎಂಬುದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಈಗ ಯುರೋಪಿಗೆ ಹೋಗೋಣ. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಪಂಡಿತರಿಗೆ ಈ ಭಾಷೆಗಳ ಹುಚ್ಚು ಹಿಡಿದಿತ್ತು. ಕಾರಣ ಬೈಬಲ್. ಹೀಬ್ರೂ ಬೈಬಲಿನಲ್ಲಿ ಒಂದೇ ಸಲ ಬಂದು ಮಾಯವಾಗುವ ಪದಗಳು ನೂರಾರು. ಹೀಬ್ರೂವಿನಲ್ಲಿ ಸಾಕ್ಷಿ ಸಿಗದಿದ್ದರೆ ಅದರ ಅಕ್ಕತಂಗಿಯರಾದ ಅರಬ್ಬಿ, ಸಿರಿಯಾಕ್, ಇಥಿಯೋಪಿಕ್ (ಅಂದರೆ ಗೀಜ್) ಭಾಷೆಗಳ ಮನೆಗೆ ಹೋಗಿ ಕೇಳಬೇಕು. ಅಕ್ಕತಂಗಿಯರನ್ನೆಲ್ಲ ಒಂದೇ ಜಗಲಿಯ ಮೇಲೆ ಕೂರಿಸುವ ಕೋಶಗಳು ಹೀಗೆ ಶುರುವಾದವು. 1612ರಲ್ಲಿ ಜರ್ಮನಿಯ ಶಿಂಡ್ಲರನ ಐದು ಭಾಷೆಗಳ ಕೋಶ ಬಂತು. 1653ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಗೋಲಿಯಸ್‌ನ ಅರಬ್ಬಿ-ಲ್ಯಾಟಿನ್ ಕೋಶ ಬಂತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಬ್ರಯನ್ ವಾಲ್ಟನ್ ಒಂಬತ್ತು ಭಾಷೆಗಳನ್ನು ಕೂಡಿಸಿ ಆರು ದಪ್ಪ ಸಂಪುಟಗಳ ಬೈಬಲನ್ನು ಅಚ್ಚಿಗೆ ಹಾಕಿದ. 1657ರಲ್ಲಿ ಅದು ಮುಗಿಯಿತು. ಈ ಕೆಲಸದಲ್ಲಿ ವಾಲ್ಟನ್‌ಗೆ ಬಲಗೈಯಾಗಿದ್ದವನು ಎಡ್ಮಂಡ್ ಕಾಸ್ಟೆಲ್.

ಕಾಸ್ಟೆಲ್ 1606ರಲ್ಲಿ ಕೇಂಬ್ರಿಜ್ ಸೀಮೆಯಲ್ಲಿ ಹುಟ್ಟಿದ ಪಾದ್ರಿ. ಆರು ಸಂಪುಟಗಳ ಬೈಬಲನ್ನು ಓದುವವನ ಕೈಗೆ ಒಂದು ಕೋಶವನ್ನೂ ಕೊಡಬೇಕು ಎಂದು ಅವನಿಗೆ ಅನಿಸಿತು. ಹೀಬ್ರೂ, ಅರಾಮಿಕ್, ಸಿರಿಯಾಕ್, ಸಮಾರಿಟನ್, ಇಥಿಯೋಪಿಕ್, ಅರಬ್ಬಿ ಈ ಆರನ್ನೂ ಒಂದೊಂದು ಬೇರಿನ ಕೆಳಗೆ ಸಾಲಾಗಿ ನಿಲ್ಲಿಸುವುದು. ಬೇರೆ ಮನೆತನದ್ದಾದ ಪಾರ್ಸಿಗೆ ಬೇರೆಯೇ ಜಾಗ ಕೊಡುವುದು. ಒಟ್ಟು ಏಳು. ಹೆಸರು 'ಲೆಕ್ಸಿಕಾನ್ ಹೆಪ್ಟಾಗ್ಲಾಟನ್', ಅಂದರೆ ಏಳು ನಾಲಿಗೆಯ ಕೋಶ. ಕಾಕಾನ ತಹಶೀಲದಾರ ಪದದಲ್ಲಿ ತಹಶೀಲು ಆರನೆಯ ನಾಲಿಗೆಯದು, ಅದರ ಬಾಲವಾದ 'ದಾರ' ಏಳನೆಯದು.

ಹದಿನೆಂಟು ವರ್ಷ. ದಿನಕ್ಕೆ ಹದಿನಾರರಿಂದ ಹದಿನೆಂಟು ತಾಸು. ಕಾಸ್ಟೆಲ್ ತನ್ನ ದುಡಿಮೆಗೆ ಕೊಟ್ಟ ಲೆಕ್ಕ ಇದು. ಕಡಿಮೆಯದನ್ನೇ ಹಿಡಿದು ಹದಿನಾರು ತಾಸು ಎಂದುಕೊಂಡರೂ ಒಂದು ಲಕ್ಷದ ಐದು ಸಾವಿರ ತಾಸು ದಾಟುತ್ತದೆ. ದಿನಕ್ಕೆ ಎಂಟು ತಾಸಿನಂತೆ ವರ್ಷಕ್ಕೆ ಮುನ್ನೂರು ದಿನ ಕಚೇರಿಗೆ ಹೋಗುವ ನೌಕರ ಅಷ್ಟು ತಾಸು ದುಡಿಯಬೇಕಾದರೆ ಹತ್ತಿರ ಹತ್ತಿರ 44 ವರ್ಷ ಬೇಕು. ಕಾಸ್ಟೆಲ್ ಒಬ್ಬನೇ ಇರಲಿಲ್ಲ. ಏಳು ಜನ ಇಂಗ್ಲಿಷರು, ಏಳು ಜನ ಪರದೇಶದವರು, ಒಟ್ಟು ಹದಿನಾಲ್ಕು ಸಹಾಯಕರನ್ನು ತನ್ನ ಖರ್ಚಿನಲ್ಲಿ ಸಾಕಿದ.

ಆ ಖರ್ಚು 12,000 ಪೌಂಡು. ಆಗ ಇಂಗ್ಲೆಂಡಿನ ಹಳ್ಳಿಯಲ್ಲಿ ಹೊಲದ ಕೂಲಿಯವನಿಗೆ ದಿನಕ್ಕೆ ಒಂದು ಶಿಲ್ಲಿಂಗ್ ಆಸುಪಾಸು ಸಿಗುತ್ತಿತ್ತು; ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ಅಂದರೆ 2,40,000 ದಿನದ ಕೂಲಿ. ವರ್ಷಕ್ಕೆ ಮುನ್ನೂರು ದಿನ ದುಡಿಯುವ ಒಬ್ಬ ಆಳಿಗೆ ಎಂಟುನೂರು ವರ್ಷದ ಪಗಾರ. ನಮ್ಮ ಕಡೆ ಹೊಲದ ಕೂಲಿ ಗೊತ್ತಿದ್ದವರು ಈ ಎಂಟುನೂರು ವರ್ಷವನ್ನು ಗುಣಿಸಿ ನೋಡಲಿ. ಒಂದು ಪುಸ್ತಕಕ್ಕಾಗಿ ಒಬ್ಬ ಪಾದ್ರಿ ಎಷ್ಟು ಸುರಿದ ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ.

ಅಚ್ಚಿನ ಕೆಲಸವನ್ನು ನೆನೆದರೆ ತಲೆ ತಿರುಗುತ್ತದೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಹೆಕ್ಕಿ ಸಾಲು ಕಟ್ಟುವ ಕಾಲ. ಹೀಬ್ರೂ, ಸಿರಿಯಾಕ್, ಸಮಾರಿಟನ್, ಅರಬ್ಬಿ ಬಲದಿಂದ ಎಡಕ್ಕೆ. ಲ್ಯಾಟಿನ್, ಇಥಿಯೋಪಿಕ್ ಎಡದಿಂದ ಬಲಕ್ಕೆ. ಒಂದೇ ಸಾಲಿನೊಳಗೆ ಎರಡೂ ದಿಕ್ಕು. ಇಥಿಯೋಪಿಕ್ ಲಿಪಿಗೆ ನಮ್ಮ ಹಾಗೆಯೇ ಕಾಗುಣಿತವಿದೆ: 26 ವ್ಯಂಜನ, ಪ್ರತಿಯೊಂದಕ್ಕೂ ಏಳು ರೂಪ, ಒಟ್ಟು 182 ಬೇರೆ ಬೇರೆ ಮೊಳೆ, ಅದೊಂದೇ ಭಾಷೆಗೆ. ಕಾಗುಣಿತ ಬಾಯಿಪಾಠ ಮಾಡಿ ಬೆಳೆದ ನಮಗೆ ಆ ಕಷ್ಟ ಯಾರೂ ವಿವರಿಸಬೇಕಾಗಿಲ್ಲ. ಆ ಭಾಷೆ ಬಾರದ ಲಂಡನ್ನಿನ ಮೊಳೆ ಜೋಡಿಸುವವನು ಗೂಡಿನಿಂದ ಸರಿಯಾದ ಮೊಳೆ ಹೇಗೆ ಹೆಕ್ಕಿದ ಎಂಬುದೇ ನನಗೆ ಪವಾಡ.

ಇದರ ನಡುವೆ 1665ರಲ್ಲಿ ಲಂಡನ್ನಿಗೆ ಪ್ಲೇಗ್ ಬಂತು. 1666ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿತ್ತು. ನಾಲ್ಕು ದಿನದಲ್ಲಿ 13,200 ಮನೆ, 87 ಚರ್ಚು ಬೂದಿಯಾದವು. ಕೋಶ ಅಚ್ಚಾಗುತ್ತಿದ್ದ ರಾಯ್‌ಕ್ರಾಫ್ಟ್‌ನ ಅಚ್ಚುಕೂಟವೂ ಸುಟ್ಟಿತು, ಅಚ್ಚಾದ ಹಾಳೆಗಳ ಒಂದು ಪಾಲೂ ಹೋಯಿತು. ಮರುವರ್ಷ ಕಾಸ್ಟೆಲ್ ಜೈಲಿಗೆ ಬಿದ್ದ. ತಮ್ಮನ ಸಾಲಕ್ಕೆ ಜಾಮೀನಾಗಿದ್ದ, ಅದು ಕೊರಳಿಗೆ ಸುತ್ತಿಕೊಂಡಿತು. ಕಣ್ಣು ಮಂಜಾಗಿತ್ತು. ಮುಂಗಡ ಹಣ ಕೊಡುತ್ತೇವೆಂದವರಲ್ಲಿ ಹಲವರು ಸತ್ತಿದ್ದರು, ಹಲವರು ಮಾತು ತಪ್ಪಿದ್ದರು. ಆದರೂ 1669ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಏಳು ನಾಲಿಗೆಯ ಕೋಶ ಹೊರಬಂತು.

ಕೊಳ್ಳುವವರಿರಲಿಲ್ಲ. 1680ರ ದಶಕದಲ್ಲಿ ಕಾಸ್ಟೆಲ್ ತೀರಿಕೊಂಡಾಗ ಐನೂರರಷ್ಟು ಪ್ರತಿ ಮಾರಾಟವಾಗದೆ ಉಳಿದಿದ್ದವು. ಆಸ್ತಿ ನೋಡಿಕೊಂಡ ಅವನ ಸಂಬಂಧಿ ಹೆಣ್ಣುಮಗಳು ಅವನ್ನು ಸರ್ರೆ ಸೀಮೆಯಲ್ಲಿ ತನ್ನ ಬಾಡಿಗೆದಾರನೊಬ್ಬನ ಮನೆಯ ಕೋಣೆಯಲ್ಲಿ ಹಾಕಿಸಿದಳು. ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದವು. ಇಲಿ ಹೆಗ್ಗಣ ತಿಂದವು. ಕೊನೆಗೆ ಬಾಗಿಲು ತೆಗೆದು ನೋಡಿದರೆ ಅಷ್ಟೂ ರಾಶಿಯಿಂದ ಒಂದು ಇಡೀ ಸಂಪುಟ ಕೂಡಿಸುವುದೂ ಕಷ್ಟವಾಗಿತ್ತು. ರದ್ದಿಗೆ ಹಾಕಿದರು. ಸಿಕ್ಕಿದ್ದು ಏಳು ಪೌಂಡು. ಪ್ರತಿಯೊಂದಕ್ಕೆ ಹಂಚಿದರೆ ಮೂರೂವರೆ ಪೆನ್ನಿಯೂ ಆಗುವುದಿಲ್ಲ, ಹೊಲದ ಆಳಿನ ಅರ್ಧ ದಿನದ ಕೂಲಿಯೂ ಅಲ್ಲ. 12,000 ಹಾಕಿ 7. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆಯುವಾಗ ಇವತ್ತೂ ನನ್ನ ಕೈ ತಡೆಯುತ್ತದೆ.

ಇಲಿ ತಿಂದದ್ದು ಕಾಗದವನ್ನು. 1788ರಲ್ಲಿ, ಕೋಶ ಹೊರಬಂದು 119 ವರ್ಷವಾದ ಮೇಲೆ, ಜರ್ಮನಿಯ ಗಟಿಂಗನ್‌ನಲ್ಲಿ ಮಿಖಾಯೆಲಿಸ್ ಎಂಬ ಪಂಡಿತ ಅದರ ಸಿರಿಯಾಕ್ ಭಾಗವನ್ನಷ್ಟೇ ಬಿಡಿಸಿ ಮತ್ತೆ ಅಚ್ಚು ಹಾಕಿಸಿದ. ಏಳರಲ್ಲಿ ಒಂದು ನಾಲಿಗೆ, ಅದೇ ಒಂದು ಇಡೀ ಕೋಶವಾಯಿತು.

ಕಾಸ್ಟೆಲ್‌ನ ಕಾಲದ ಉಳಿದವರ ಕಥೆಯೂ ಸುಲಭದ್ದಲ್ಲ. ಸ್ವಿಟ್ಜರ್‌ಲೆಂಡಿನ ಹಾಟಿಂಗರ್ 1661ರಲ್ಲೇ ತನ್ನದೊಂದು ಏಳು ಭಾಷೆಯ ಕೋಶ ತಂದಿದ್ದ. 1667ರಲ್ಲಿ ದೋಣಿ ಮಗುಚಿ ತನ್ನ ಮೂವರು ಮಕ್ಕಳ ಜೊತೆ ನದಿಯಲ್ಲಿ ಮುಳುಗಿ ಸತ್ತ. ಜರ್ಮನಿಯ ಲುಡಾಲ್ಫ್‌ಗೆ ಇಪ್ಪತ್ತೈದು ಭಾಷೆ ಬರುತ್ತಿದ್ದವಂತೆ. ಆದರೆ ಇಥಿಯೋಪಿಕ್ ಭಾಷೆಯನ್ನು ಅವನು ಕಲಿತದ್ದು ಅಬ್ಬಾ ಗೋರ್ಗೋರಿಯೋಸ್ ಎಂಬ ಇಥಿಯೋಪಿಯಾದ ಪಾದ್ರಿಯಿಂದ. 1649ರಲ್ಲಿ ಇಬ್ಬರೂ ರೋಮಿನಲ್ಲಿ ಭೇಟಿಯಾದರು, 1652ರಲ್ಲಿ ಗೋರ್ಗೋರಿಯೋಸ್ ಜರ್ಮನಿಗೂ ಬಂದು ಹೇಳಿಕೊಟ್ಟ. ಊರಿಗೆ ಮರಳುವ ದಾರಿಯಲ್ಲಿ 1658ರಲ್ಲಿ ಹಡಗು ಒಡೆದು ಸಮುದ್ರದ ಪಾಲಾದ. ಲುಡಾಲ್ಫ್‌ನ ಕೋಶದ ಮೊದಲ ಮುದ್ರಣ ಬಂದದ್ದು 1661ರಲ್ಲಿ. ಹೇಳಿಕೊಟ್ಟವನು ನೋಡಲಿಲ್ಲ. ಕೋಶದ ಬೆನ್ನಿನ ಮೇಲೆ ಒಬ್ಬನ ಹೆಸರಿರುತ್ತದೆ. ಇದು ಹೀಗಲ್ಲ ಹಾಗೆ ಎಂದು ತಾಯಿಭಾಷೆಯಲ್ಲಿ ತಿದ್ದಿದವರ ಹೆಸರು ಮುನ್ನುಡಿಯಲ್ಲಿ ಸಿಕ್ಕರೆ ಪುಣ್ಯ. ಕಾಸ್ಟೆಲ್‌ನ ಹದಿನಾಲ್ಕು ಮಂದಿಯಲ್ಲಿ ಹೆಚ್ಚಿನವರು ಇವತ್ತು ಯಾರಿಗೂ ಗೊತ್ತಿಲ್ಲ. ಇದು ನನಗೆ ಒಪ್ಪಲಾಗದ ಅನ್ಯಾಯ.

1669ರಲ್ಲಿ ನಮ್ಮ ಕಡೆ ಏನು ನಡೆದಿತ್ತು? ವಿಜಯಪುರದ ಗದ್ದುಗೆಯಲ್ಲಿ ಎರಡನೆಯ ಅಲಿ ಆದಿಲ್ ಶಾ ಇದ್ದ. ಆದಿಲ್ ಎಂದರೆ ನ್ಯಾಯವಂತ. ಅದಾಲತ್ತೂ ಅದೇ ಬೇರಿನದು. ಕಾಸ್ಟೆಲ್ ಲಂಡನ್ನಿನಲ್ಲಿ ಎಣ್ಣೆದೀಪದ ಕೆಳಗೆ ಹುಡುಕುತ್ತಿದ್ದ ಬೇರುಗಳು ಇಲ್ಲಿ ದೇಸಾಯಿ, ಕುಲಕರ್ಣಿಗಳ ಲೆಕ್ಕದ ಕಾಗದದಲ್ಲಿ ದಿನಾ ಚಿಗುರುತ್ತಿದ್ದವು. ಜಮಾ, ವಸೂಲು, ಬಾಕಿ, ಇನಾಮು, ಮಹಸೂಲು. ತಹಶೀಲಿಗೂ ಮಹಸೂಲಿಗೂ ಒಂದೇ ಬೇರು: ಹ್-ಸ್-ಲ್, ಕೈಗೆ ಬರುವುದು. ಫಸಲಿಗೂ ಫೈಸಲಾಗೂ ಒಂದೇ ಬೇರು: ಬೇರ್ಪಡಿಸುವುದು. ಫಸಲು ವರ್ಷವನ್ನು ಬೇರ್ಪಡಿಸುತ್ತದೆ, ಫೈಸಲಾ ವಾದಿ ಪ್ರತಿವಾದಿಗಳನ್ನು.

ಆ ಹೊತ್ತಿನಲ್ಲೇ ಇದಕ್ಕೆ ತಿರುಗಿ ನಿಂತ ಕೋಶವೂ ಒಂದು ಹುಟ್ಟಿತು. 1674ರಲ್ಲಿ ಪಟ್ಟಕ್ಕೇರಿದ ಶಿವಾಜಿ ಮಹಾರಾಜರು ಆಡಳಿತದ ಪಾರ್ಸಿ, ಅರಬ್ಬಿ ಪದಗಳಿಗೆ ಸಂಸ್ಕೃತದ ಪದ ಕೊಡಿಸಲು 'ರಾಜವ್ಯವಹಾರಕೋಶ' ಬರೆಸಿದರು. ಅದರಲ್ಲಿ ಹೀಗೆ ಬದಲಾದ ಪದಗಳು 1,380ರಷ್ಟು. ಮುಜುಮದಾರ ಅಮಾತ್ಯನಾದ, ಸರನೌಬತ ಸೇನಾಪತಿಯಾದ. ಲಂಡನ್ನಿನಲ್ಲಿ ಒಬ್ಬ ಅರಬ್ಬಿ ಪದಗಳನ್ನು ಒಳಗೆ ಕರೆಯಲು ಮನೆ ಮಾರುತ್ತಿದ್ದ ದಶಕದ ಬೆನ್ನಿಗೇ ಸಹ್ಯಾದ್ರಿಯ ಪಂಡಿತರು ಅವನ್ನು ಹೊರಗೆ ಕಳಿಸಲು ಶ್ಲೋಕ ಕಟ್ಟುತ್ತಿದ್ದರು. ಮುನ್ನೂರೈವತ್ತು ವರ್ಷವಾಯಿತು. ರಾಯಬಾಗ ಆದಿಲಶಾಹಿ ಕಂಡಿತು, ಮರಾಠರನ್ನು ಕಂಡಿತು, 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, ಮುಂಬಯಿ ಪ್ರಾಂತ ನೋಡಿತು, 1956ರಲ್ಲಿ ಕನ್ನಡ ನಾಡಿಗೆ ಸೇರಿತು. ಮುಜುಮದಾರರು ಇವತ್ತೂ ನಮ್ಮ ಜಿಲ್ಲೆಯಲ್ಲಿ ಮನೆತನದ ಹೆಸರಾಗಿ ಉಳಿದಿದ್ದಾರೆ. ಗಡಿಯ ಹಕ್ಕು ನಮ್ಮದು ಎಂದು ಕನ್ನಡದವರೂ ಮರಾಠಿಯವರೂ ವಾದಿಸುವಾಗ ಇಬ್ಬರ ಬಾಯಲ್ಲೂ ಇರುವ ಆ 'ಹಕ್ಕು' ಮೂರನೆಯವರ ಮನೆಯಿಂದ ಇಬ್ಬರೂ ಕಡ ತಂದ ಪದ. ಇಬ್ಬರನ್ನೂ ಕೂಡಿಸಿ ಕೂರಿಸಬಲ್ಲ ಪದವೂ ಅದೇ ಆದೀತು ಎಂದು ನನಗೆ ಆಸೆ.

ಮರಾಠಿಗೆ ಅರವತ್ತು ಸಾವಿರ ಪದಗಳ ಮೋಲ್ಸ್‌ವರ್ತ್ ಕೋಶ 1857ರಲ್ಲಿ ತನ್ನ ಎರಡನೆಯ ಮುದ್ರಣ ಕಂಡಿತು. ಕನ್ನಡಕ್ಕೆ ಕಾಸ್ಟೆಲ್‌ನಂಥ ಮನುಷ್ಯ ಸಿಕ್ಕಿದ್ದು ಅದಕ್ಕಿಂತ ನಾಲ್ಕು ವರ್ಷ ಮೊದಲು. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದಿಳಿದ ಇಪ್ಪತ್ತೊಂದರ ತರುಣ ಫರ್ಡಿನಾಂಡ್ ಕಿಟೆಲ್. ಜರ್ಮನಿಯ ಉತ್ತರ ಕಡಲ ದಂಡೆಯ ಹಳ್ಳಿಯಲ್ಲಿ ಹುಟ್ಟಿದವನು. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರು ಎಂದು ತಿರುಗಿ, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು ಅಚ್ಚು ಹಾಕಿಸಿದ. ಅದಕ್ಕೂ ಮೊದಲು ರೀವ್ ಎಂಬ ಪಾದ್ರಿ ಒಂದು ಕೋಶ ಮಾಡಿದ್ದ. ಕಿಟೆಲ್‌ಗೆ ಅದು ಸಾಲಲಿಲ್ಲ. ಓಲೆಗರಿ ಓದಿದ, ಪಂಡಿತರನ್ನು ಕೂರಿಸಿಕೊಂಡ, ಹಳ್ಳಿಯವರ ಬಾಯಿಂದ ಗಾದೆಗಳನ್ನು ಬರೆದುಕೊಂಡ. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ಕೋಶ ಹೊರಬಂತು: ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು 70,000 ಪದ.

ಎಪ್ಪತ್ತು ಸಾವಿರ ಎಂದರೆ ಎಷ್ಟು? ಎರಡು ದಶಕದ ಕೆಲಸ, ವರ್ಷಕ್ಕೆ ಮುನ್ನೂರು ದಿನ ಎಂದು ಹಿಡಿದರೆ ದಿನಕ್ಕೆ ಹನ್ನೆರಡು ಪದ. ಹನ್ನೆರಡು ಕಡಿಮೆ ಅನಿಸಬಹುದು. ಯಾವುದೋ ಒಂದು ಸಣ್ಣ ಪದ ಹಿಡಿದು ಕೂತು ನೋಡಿ. 'ಹಿಡಿ'. ಮುಷ್ಟಿಯೂ ಹಿಡಿ, ಕೊಡಲಿಯದೂ ಹಿಡಿ, ಹುಚ್ಚೂ ಹಿಡಿಯುತ್ತದೆ, ದಾರಿಯೂ ಹಿಡಿಯುತ್ತೇವೆ, ಮಳೆ ಹಿಡಿಯುತ್ತದೆ, ಸಮಯ ಹಿಡಿಯುತ್ತದೆ, ಹೆಣ್ಣಾನೆಯೂ ಹಿಡಿ. ಪ್ರತಿ ಅರ್ಥಕ್ಕೂ ಸಾಕ್ಷಿ ಬೇಕು, ತಮಿಳು ತೆಲುಗು ಮಲಯಾಳ ತುಳುವಿನ ನೆಂಟರನ್ನು ಹುಡುಕಬೇಕು, ಸಂಸ್ಕೃತದಿಂದ ಬಂತೋ ಮರಾಠಿಯಿಂದ ಬಂತೋ ಹಿಂದುಸ್ತಾನಿಯಿಂದ ಬಂತೋ ಎಂದು ಗುರುತು ಹಾಕಬೇಕು. ಮಾಡಿ ಮುಗಿಸುವಷ್ಟರಲ್ಲಿ ಇನ್ನು ಹನ್ನೊಂದು ಕಾಯುತ್ತಿರುತ್ತವೆ. ನಾಳೆ ಮತ್ತೆ ಹನ್ನೆರಡು. ಆರು ಸಾವಿರ ಸಲ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣ ಹೊರತಂದು ಅದೇ ವರ್ಷ ಕಿಟೆಲ್ ಅಲ್ಲೇ ತೀರಿಕೊಂಡ. ಕಾಸ್ಟೆಲ್‌ಗಿಂತ ಪುಣ್ಯವಂತ: ಕಿಟೆಲ್ ಕೋಶವನ್ನು ಇಲಿ ತಿನ್ನಲಿಲ್ಲ. 1968ರಿಂದ 1971ರವರೆಗೆ ಮರಿಯಪ್ಪ ಭಟ್ಟರು ಅದನ್ನು ಹಿಗ್ಗಿಸಿ ಮದ್ರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟ ತಂದರು.

ಮುಂದಿನದು ನಮ್ಮವರದೇ ಸಾಹಸ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೆಲಸ 1940ರ ದಶಕದಲ್ಲಿ ಶುರುವಾಯಿತು. ಮೊದಲ ಸಂಪುಟ 1970, ಎಂಟನೆಯದು 1995. ಕೆಲಸಕ್ಕೆ ಕೈಹಚ್ಚಿದಾಗ ಹುಟ್ಟಿದ ಮಗು, ಅದು ಮುಗಿಯುವಾಗ ಮೊಮ್ಮಕ್ಕಳನ್ನು ಆಡಿಸುತ್ತಿತ್ತು. ಅದರ ಬೆನ್ನೆಲುಬಾಗಿದ್ದ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು, 107 ವರ್ಷ. ಕಾಕಾನ ಹತ್ತು ಪದಗಳಂಥವಕ್ಕಾಗಿಯೇ 'ಎರವಲು ಪದಕೋಶ' ಎಂದು ಬೇರೆ ಪುಸ್ತಕವನ್ನೇ ಮಾಡಿದರು. ಎರವಲು ಎಂಬ ಹೆಸರು ನೋಡಿ. ಎರವು ತಂದದ್ದನ್ನು ತಿರುಗಿ ಕೊಡಬೇಕು. ಪದ ಮಾತ್ರ ಹಾಗಲ್ಲ, ಎಷ್ಟು ತಂದರೂ ಕೊಟ್ಟವನ ಮನೆಯಲ್ಲಿ ಇದ್ದಷ್ಟೇ ಇರುತ್ತದೆ.

ಕಾಸ್ಟೆಲ್ ಆರು ಅಕ್ಕತಂಗಿಯರಿಗೆ ಮಾಡಿದ್ದನ್ನು ನಮ್ಮ ದ್ರಾವಿಡ ಮನೆತನಕ್ಕೆ ಮಾಡಿದವರು ಇಬ್ಬರು, ಬರೋ ಮತ್ತು ಎಮೆನೊ. ಅವರ ಕೋಶ ಬಂದದ್ದು 1961ರಲ್ಲಿ ಮೊದಲು, 1984ರಲ್ಲಿ ಎರಡನೆಯ ಸಲ; ಇಪ್ಪತ್ತಕ್ಕೂ ಮೇಲ್ಪಟ್ಟ ಭಾಷೆಗಳು, ಐದೂವರೆ ಸಾವಿರದಷ್ಟು ನಮೂದುಗಳು. ಅದರಲ್ಲಿ 'ನಿಲ್' ತೆಗೆದು ನೋಡಿದೆ. ನಿಲುವು, ನಿಲ್ದಾಣ, ನೆಲೆ. ಅರಬ್ಬರ ಕ್-ವ್-ಮ್ ನಡೆದ ದಾರಿಯನ್ನೇ ನಮ್ಮ ನಿಲ್ ತನ್ನಷ್ಟಕ್ಕೆ ನಡೆದಿದೆ: ಅವರಿಗೆ ಮುಕ್ಕಾಮು, ನಮಗೆ ನೆಲೆ. ಅರಿಸಿನದ ವ್ಯಾಪಾರ ಮುಗಿದ ಮೇಲೆ ನಮ್ಮವರು ಕೇಳುವ ಮಾತೂ ಅದೇ, "ದರ ಎಷ್ಟಕ್ಕ ನಿಂತು?" ಕಿಮ್ಮತ್ತು ಎಂಬ ಪದ ಹುಟ್ಟಿದ ರೀತಿ ಗೊತ್ತಿಲ್ಲದೆಯೇ ಅದನ್ನು ಕನ್ನಡದಲ್ಲಿ ಮತ್ತೆ ಹುಟ್ಟಿಸಿದ್ದೇವೆ.

ಆ ಅರಿಸಿನವನ್ನು ತೂಗುವ ಕ್ವಿಂಟಲಿನ ಕಥೆಯೂ ಸಣ್ಣದಲ್ಲ. ಲ್ಯಾಟಿನ್ನಿನ ನೂರು ಎಂಬ ಪದ ಗ್ರೀಕರ ಕೈಗೆ, ಅಲ್ಲಿಂದ ಅರಬ್ಬರ ಕೈಗೆ ಹೋಗಿ 'ಕಿಂತಾರ್' ಆಯಿತು. ಅರಬ್ಬರಿಂದ ಯುರೋಪಿಗೆ ಮರಳಿ ಕ್ವಿಂಟಲ್ ಆಯಿತು. ಅಲ್ಲಿಂದ ನಮ್ಮ ತಕ್ಕಡಿಗೆ ಬಂತು. ಬಂದದ್ದರ ಹಾಗೆ ಹೋದದ್ದೂ ಇದೆ. ಸಂಸ್ಕೃತದ ಶರ್ಕರಾ, ಪ್ರಾಕೃತದ ಸಕ್ಕರಾ, ನಮ್ಮ ಸಕ್ಕರೆ. ಅದೇ ಅರಬ್ಬರ 'ಸುಕ್ಕರ್', ಇಂಗ್ಲಿಷರ ಶುಗರ್. ಹಂಗಾಮಿನಲ್ಲಿ ನಮ್ಮ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿರುವಾಗ ನನಗೆ ಈ ಪದದ ಪ್ರಯಾಣ ನೆನಪಾಗುತ್ತದೆ.

ಮೊನ್ನೆ ಕಾಕಾನ ಹತ್ತಿರ ಕೂತು ಇದನ್ನೆಲ್ಲ ಹೇಳಿದೆ. ಕಾಸ್ಟೆಲ್‌ನ ಜೈಲು ಕೇಳಿ, "ತಮ್ಮಗ ಜಾಮೀನ ಆಗಿದ್ದನೇನ?" ಎಂದು ಎರಡು ಸಲ ಕೇಳಿದರು. ಏಳು ಪೌಂಡಿನ ಮಾತಿಗೆ ತುಸು ಹೊತ್ತು ಸುಮ್ಮನಾದರು. ತಾರೀಖಿನೊಳಗೆ ಚಂದ್ರನಿದ್ದಾನೆ ಎಂದಾಗ ಮಾತ್ರ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಮುಂದಿನ ತಾರೀಖ ಎಂದ ಐತಿ ಕಾಕಾ?" ಎಂದೆ.

ವಕೀಲರು ಬರೆದುಕೊಟ್ಟ ಚೀಟಿ ಅಂಗಿಯ ಕಿಸೆಯಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ. ಬೆರಳು ಮಡಚಿ ಎಣಿಸಿದರು.

"ಅಮಾಸಿ ಆಗಿ ನಾಕನೇ ದಿನಕ್ಕ."